ಹಿಂಬಾಗಿಲಿನಿಂದ ಬರುತ್ತಿದ್ದ ಡೆಲ್ಮರ್

ಡೆಲ್ಮರ್ ಪಾಡಿಲ್ಲಾ ಆ ಮ್ಯೂಸಿಯಂನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ. ಅಷ್ಟು ವರ್ಷದಲ್ಲಿ ಒಂದು ದಿನವೂ ಮುಂಬಾಗಿಲಿನಿಂದ ಒಳಗೆ ಹೋದವನಲ್ಲ. ಬೆಳಿಗ್ಗೆ ಎಂಟೂವರೆಗೆ ತನ್ನ ಹಳೇ ಪಿಕಪ್ಪನ್ನು ನನ್ನ ಹೋಟೆಲಿನ ಮುಂದೆ ನಿಲ್ಲಿಸುತ್ತಿದ್ದ. ಎರಡು ಲೋಟ ಕಾಫಿ ಕುಡಿದು, ಬೇಯಿಸಿದ ಕಾಳನ್ನು ರೊಟ್ಟಿಯಲ್ಲಿ ಸುತ್ತಿದ ಬುರಿಟೊ ಒಂದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ರಸ್ತೆ ದಾಟುತ್ತಿದ್ದ. ಆಮೇಲೆ ಕಟ್ಟಡವನ್ನು ಸುತ್ತು ಹಾಕಿ, ನೀರಿನ ಟ್ಯಾಂಕಿನ ಪಕ್ಕದಿಂದ ಹಿಂದೆ ಹೋಗಿ ತಗಡಿನ ಬಾಗಿಲಿನ ಬೀಗ ತೆಗೆಯುತ್ತಿದ್ದ. ನೂರು ಹೆಜ್ಜೆ ಹೆಚ್ಚು ನಡೆಯಬೇಕಾಗಿತ್ತು. ಅವನ ಮೊಣಕಾಲಿಗೆ ನೂರು ಹೆಜ್ಜೆ ಕಮ್ಮಿಯಲ್ಲ.

ಮುಂಬಾಗಿಲು ತೆರೆದರೆ ಎದುರಿಗೇ ಹಾವಿನ ಕೋಣೆ. ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಗಳು, ಒಟ್ಟು ಅರವತ್ತೇಳು. ಹೆಚ್ಚಿನವು ಬಾಲದಲ್ಲಿ ಗಿಲಕಿ ಇರುವ ಹಾವುಗಳು. ನಾಲ್ಕಾರು ಹಲ್ಲಿ, ಒಂದೆರಡು ಆಮೆ. ಅದನ್ನು ದಾಟಿದರೆ ಹಿಂದಿನ ಕೋಣೆ. ಅಲ್ಲಿ ಈ ಸೀಮೆಯ ಮೂಲನಿವಾಸಿಗಳಾದ ಅಪಾಚಿಗಳ ಹಳೇ ಫೋಟೋ, ಬುಟ್ಟಿ, ಚರ್ಮದ ಬೂಟು, ನಕಾಶೆ, ತುಕ್ಕು ಹಿಡಿದ ಬಂದೂಕು. ಡೆಲ್ಮರನ ಕೆಲಸ ಆ ಕೋಣೆಯಲ್ಲಿ. ಬಂದವರಿಗೆ ತನ್ನ ಜನರ ಕಥೆ ಹೇಳುವುದು. ಎರಡು ಕೋಣೆಗಳ ನಡುವಿನ ಬಾಗಿಲಿಗೆ ಅವನೇ ಒಂದು ದಪ್ಪ ಕಂಬಳಿ ಇಳಿಬಿಟ್ಟಿದ್ದ.

ಅವನು ಅಪಾಚಿಗಳಲ್ಲಿ ಚಿರಿಕಾವಾ ಪಂಗಡದವನು. ಅವನ ಮನೆತನದಲ್ಲಿ ಹಾವಿನ ಹತ್ತಿರ ಸುಳಿಯುವುದಿಲ್ಲ, ಅದು ಬಿಟ್ಟ ಪೊರೆಯನ್ನೂ ಮುಟ್ಟುವುದಿಲ್ಲ. ದಾರಿಯಲ್ಲಿ ಎದುರಾದರೆ ತಾಯಿಯ ತಂದೆಯನ್ನು ಮಾತಾಡಿಸುವ ಹಾಗೆ ‘ತಾತ’ ಎಂದು ಮಾತಾಡಿಸಿ ಪಕ್ಕಕ್ಕೆ ಸರಿಯಬೇಕು. ಮುಟ್ಟಿದರೆ ಕಾಯಿಲೆ ಬರುತ್ತದೆ. ಇದನ್ನು ನಾನು ಅವನಿಂದ ಒಂದೇ ಸಲ ಕೇಳಿದ್ದು.

“ಹೆದರಿಕೇನಾ?” ಎಂದಿದ್ದೆ.

“ಹೆದರಿಕೆ ಅಲ್ಲ ಓಫೀಲಿಯಾ, ಮರ್ಯಾದೆ. ನೀನು ಪೊಲೀಸ್ ಗಾಡಿ ಕಂಡ ತಕ್ಷಣ ನಿಧಾನ ಓಡಿಸ್ತೀಯಲ್ಲ, ಹಾಗೆ.”

“ನಾನು ಯಾವಾಗ್ಲೂ ನಿಧಾನಾನೇ ಓಡಿಸ್ತೀನಿ.”

“ಅದಕ್ಕೇ ನಿನಗೆ ಅರ್ಥ ಆಗಲ್ಲ.”

ಮ್ಯೂಸಿಯಂ ವಿಲ್ಮಾ ಹಾಸ್ಟೆಟರಳದು. ಅವಳ ಗಂಡ ಹಾವುಗಳ ಬಗ್ಗೆ ಓದಿಕೊಂಡವನು. ಅವನು ಸತ್ತ ಮೇಲೆ ಮಕ್ಕಳಿಲ್ಲದ ವಿಲ್ಮಾ ಆ ಅರವತ್ತೇಳನ್ನೂ ತಾನೇ ಸಾಕಿದಳು. ಎಪ್ಪತ್ತು ದಾಟಿದ, ಒಣಗಿದ ಕಡ್ಡಿಯಂಥ ಹೆಂಗಸು, ಬಾಯಿ ಮಾತ್ರ ಹರಿತ. ಅಪಾಚಿ ಕೋಣೆಯೂ ಗಂಡ ಕೂಡಿಹಾಕಿದ್ದೇ. ಹಾವು ನೋಡಲು ಬಂದವರು ದಾರಿಯಲ್ಲಿ ಸಿಕ್ಕಿತೆಂದು ಅದನ್ನೂ ನೋಡಿಕೊಂಡು ಹೋಗುತ್ತಿದ್ದರು.

ಡೆಲ್ಮರ್ ಇಲ್ಲಿಗೆ ಬಂದದ್ದು ಬೆಂಕಿಯ ಹಿಂದೆ. ಇಪ್ಪತ್ತೈದನೇ ವಯಸ್ಸಿಗೆ ಕಾಡಿನ ಬೆಂಕಿ ಆರಿಸುವ ತಂಡ ಸೇರಿ ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದ್ದ. ಅವನ ಊರು ಮೆಸ್ಕಲೇರೋ. ಇಲ್ಲಿಂದ ಪೂರ್ವಕ್ಕೆ ಐದು ಗಂಟೆಯ ದಾರಿ, ದೇವದಾರು ಮರಗಳ ಬೆಟ್ಟದ ಮೇಲಿನ ಅಪಾಚಿ ಸೀಮೆ. ಒಂದು ಬೇಸಿಗೆಯಲ್ಲಿ ನಮ್ಮ ಚಿರಿಕಾವಾ ಬೆಟ್ಟಕ್ಕೆ ಬೆಂಕಿ ಬಿದ್ದು ತಿಂಗಳುಗಟ್ಟಲೆ ಉರಿಯಿತು. ಅವನ ತಂಡವನ್ನೂ ಕರೆಸಿದರು. ಆ ಬೆಟ್ಟದ ಹೆಸರನ್ನೇ ತಮ್ಮ ಹೆಸರಾಗಿ ಹೊತ್ತವರ ಮೊಮ್ಮಗ ಅದರ ಮೇಲೆ ಮೊದಲ ಸಲ ಕಾಲಿಟ್ಟದ್ದು ಅದು ಹೊತ್ತಿ ಉರಿಯುತ್ತಿದ್ದಾಗ.

ಅವನ ಮುತ್ತಜ್ಜಿಗೆ ಏಳು ವರ್ಷವಾಗಿದ್ದಾಗ ಸೈನ್ಯದವರು ಚಿರಿಕಾವಾ ಜನರನ್ನೆಲ್ಲ ರೈಲಿಗೆ ತುಂಬಿ ಸಾಗಿಸಿದ್ದರು. ಕಾದಾಡಿದವರನ್ನೂ ಬಿಡಲಿಲ್ಲ, ಸುಮ್ಮನೆ ಜೋಳ ಬೆಳೆದುಕೊಂಡಿದ್ದವರನ್ನೂ ಬಿಡಲಿಲ್ಲ, ಸೈನ್ಯಕ್ಕೇ ದಾರಿ ತೋರಿಸಿ ದುಡಿದವರನ್ನೂ ಬಿಡಲಿಲ್ಲ. ಇಪ್ಪತ್ತೇಳು ವರ್ಷ ದೂರದ ಸೀಮೆಗಳಲ್ಲಿ ಸೆರೆ. ಆಮೇಲೆ ಬಿಟ್ಟಾಗಲೂ ಈ ಬೆಟ್ಟಕ್ಕೆ ಬಿಡಲಿಲ್ಲ; ಕೆಲವರು ಮೆಸ್ಕಲೇರೋ ಸೇರಿಕೊಂಡರು. ಡೆಲ್ಮರ್ ಆ ಕಥೆ ಕೇಳಿ ಬೆಳೆದವನು. ಬೆಂಕಿ ಆರಿದ ಮರುವರ್ಷ ಕೆಲಸ ಬಿಟ್ಟು, ಒಂದು ಹಳೇ ಟ್ರೇಲರ್ ಮನೆಯನ್ನು ಪಿಕಪ್ಪಿಗೆ ಕಟ್ಟಿ ಎಳೆದುಕೊಂಡು ಬಂದು, ನಮ್ಮ ಊರಿನ ಕೊನೆಯಲ್ಲಿ ನಿಲ್ಲಿಸಿದ. ಊರೆಂದರೆ ಮೂವತ್ತು ಮನೆ, ಒಂದು ಅಂಚೆ ಕಚೇರಿ, ನನ್ನ ಹೋಟೆಲು, ವಿಲ್ಮಾಳ ಮ್ಯೂಸಿಯಂ.

ಬರುವಾಗಲೇ ದಣಿದು ಬಂದಿದ್ದ. ಹೊಗೆ ಕುಡಿದ ಎದೆ ಮಾತಿನ ನಡುವೆ ಸಿಳ್ಳೆ ಹೊಡೆಯುತ್ತಿತ್ತು. ದೊಡ್ಡ ಮೈಯವನು, ಹೆಗಲ ಮೇಲೆ ಏನೂ ಇಲ್ಲದಿದ್ದರೂ ಮೂಟೆ ಹೊತ್ತವನ ಹಾಗೆ ನಡೆಯುತ್ತಿದ್ದ. ಸಾಕಾಯಿತು ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರುವ ಮೊದಲು ಒಂದು ಗಳಿಗೆ ಅದನ್ನು ನೋಡುತ್ತಿದ್ದನಲ್ಲ, ಅದರಲ್ಲೇ ಗೊತ್ತಾಗುತ್ತಿತ್ತು.

ವಿಲ್ಮಾ ಅವನನ್ನು ನನ್ನ ಹೋಟೆಲಿನಲ್ಲೇ ನೋಡಿದ್ದು. ನೇರ ಅವನ ಮೇಜಿಗೆ ಬಂದು ಕೇಳಿದಳು. “ನೀನು ಅಪಾಚಿ ಅಂತೆ. ನನ್ನ ಹತ್ರ ನಿಮ್ಮವರ ಒಂದು ಕೋಣೆ ಸಾಮಾನಿದೆ. ಅದರ ಬಗ್ಗೆ ನಾನು ಬಾಯಿಗೆ ಬಂದಿದ್ದು ಹೇಳ್ತಾ ಇದ್ದೀನಿ. ನೀನು ಬಂದು ನಿಜ ಹೇಳ್ತೀಯಾ?”

“ಹಾವಿದೆ ಅಲ್ಲಿ.”

“ಇದೆ. ಅದರ ಉಸಾಬರಿ ನಿನಗೆ ಬೇಡ. ನಾನು ಯಾವತ್ತೂ ನಿನ್ನ ಆ ಕಡೆ ಕರೆಯಲ್ಲ.”

ವಿಲ್ಮಾ ಮಾತು ಉಳಿಸಿಕೊಂಡಳು. ಹೀಗೆ ಶುರುವಾಯಿತು.

ಬಂದವರ ಪ್ರಶ್ನೆಗಳು ನಾಲ್ಕೋ ಐದೋ, ಅವೇ ಅವು. ನೀವು ನಿಜವಾದ ಅಪಾಚಿನಾ? ಕುದುರೆ ಹತ್ತಕ್ಕೆ ಬರುತ್ತಾ? ಎಲ್ಲರ ಬಾಯಲ್ಲೂ ಇರುವ ಆ ಒಬ್ಬ ಮುದುಕ ಹೋರಾಟಗಾರನ ಹೆಸರು ಹೇಳಿ, ಅವರು ನಿಮಗೇನಾಗಬೇಕು? “ಏನೂ ಆಗಬೇಕಿಲ್ಲ. ಅವರ ಮನೆಗೂ ನಮ್ಮ ಮನೆಗೂ ಮಾತಿರಲಿಲ್ಲ” ಎನ್ನುತ್ತಿದ್ದ ಡೆಲ್ಮರ್. ಜನ ತಮಾಷೆ ಎಂದುಕೊಂಡು ನಗುತ್ತಿದ್ದರು. ಅದು ತಮಾಷೆಯಾಗಿರಲಿಲ್ಲ. ಅವನೊಬ್ಬ ತಪ್ಪಿಸಿಕೊಂಡು ಓಡಿದ್ದಕ್ಕೆ ಎಲ್ಲರನ್ನೂ ರೈಲಿಗೆ ತುಂಬಿದರು ಎನ್ನುವ ಸಿಟ್ಟು ಕೆಲವು ಮನೆಗಳಲ್ಲಿ ಇನ್ನೂ ಆರಿಲ್ಲ.

ಮೂರನೇ ವರ್ಷ ಅವನ ಚಿಕ್ಕಮ್ಮ ಬಂದಳು.

ಇಮೋಜೀನ್ ಅವನ ತಾಯಿಯ ತಂಗಿ. ತಾಯಿ ಚಿಕ್ಕಂದಿನಲ್ಲೇ ಹೋದದ್ದರಿಂದ ಸಾಕಿದವಳು ಇವಳೇ. ಎಪ್ಪತ್ತೆಂಟರ ಹತ್ತಿರದ ಮುದುಕಿ, ನೆಲ ಗುಡಿಸುವ ಉದ್ದ ಲಂಗ, ಕೈಯಲ್ಲಿ ಕೋಲು. ಡೆಲ್ಮರ್ ಮೂರು ವರ್ಷದಿಂದ ಕರೆಯುತ್ತಿದ್ದ. ಹಳೇ ಫೋಟೋಗಳಲ್ಲಿ ಯಾರಿದ್ದಾರೆಂದು ಅವಳಂಥ ಹಿರಿಯರಿಗಷ್ಟೇ ಗೊತ್ತಿತ್ತು. ಆದರೆ ಹಾವಿನ ಸುದ್ದಿಯನ್ನು ಅವನು ಪೂರ್ತಿ ಹೇಳಿರಲಿಲ್ಲ. ‘ಪ್ರಾಣಿಗಳೂ ಇವೆ’ ಎಂದಿದ್ದನಂತೆ.

ಅವನು ಅವಳನ್ನು ಹಿಂಬಾಗಿಲಿನಿಂದಲೇ ಒಳಗೆ ಕರೆದುಕೊಂಡ. ನಾನು ಕಾಫಿ ತೆಗೆದುಕೊಂಡು ಹೋಗಿದ್ದೆ. ಚಿಕ್ಕಮ್ಮ ಗುಡಾರಗಳ ಮುಂದೆ ಕೂತಿದ್ದ ಹೆಂಗಸರ ಒಂದು ಫೋಟೋದ ಎದುರು ನಿಂತಿದ್ದಳು. ಮುಖ ಗಾಜಿಗೆ ತಾಗುವಷ್ಟು ಹತ್ತಿರ. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕಂಬಳಿಯ ಆಚೆ ಯಾರೋ ಪ್ರವಾಸಿ ಗಾಜು ಬಡಿದಿರಬೇಕು. ಒಂದು ಗಿಲಕಿ ಶುರುವಾಯಿತು, ಅದರ ಹಿಂದೆ ಇನ್ನೊಂದು, ಇನ್ನೊಂದು. ಬಾಣಲೆಯಲ್ಲಿ ಒಣ ಕಾಳು ಹುರಿದ ಹಾಗೆ ಸದ್ದು.

ಚಿಕ್ಕಮ್ಮ ತಿರುಗಲಿಲ್ಲ. “ಏನದು?”

ಡೆಲ್ಮರ್ ಕಂಬಳಿಯ ಅಂಚು ಎಳೆದು ಸರಿಮಾಡಿದ.

“ಡೆಲ್ಮರ್, ಏನದು ಅಂದೆ.”

“ಆ ಕಡೆ ಕೋಣೆ ಚಿಕ್ಕಮ್ಮ. ನಾನು ಅಲ್ಲಿಗೆ ಹೋಗಲ್ಲ. ಒಂದು ದಿನಾನೂ ಹೋಗಿಲ್ಲ.”

“ಎಷ್ಟಿದಾವೆ?”

“ಅರವತ್ತು ಚಿಲ್ಲರೆ.”

ಅವಳು ಫೋಟೋದಿಂದ ಹಿಂದೆ ಸರಿದಳು. “ಮೊದಲು ರೈಲಲ್ಲಿ ತುಂಬಿದ್ರು. ಈಗ ಹಾವಿನ ಜೊತೆ ತುಂಬಿದಾರೆ. ಬಾಗಿಲು ಕಾಯೋಕೆ ನಮ್ಮ ಹುಡುಗನೇ ಸಿಕ್ಕಿದಾನೆ.” ಅಷ್ಟು ಹೇಳಿ ಕೋಲೂರಿಕೊಂಡು ಹೊರಗೆ ಹೋದಳು. ಐದು ಗಂಟೆ ದಾರಿ ಬಂದವಳು ಐದು ನಿಮಿಷ ನಿಲ್ಲಲಿಲ್ಲ. ಕಾಫಿ ನನ್ನ ಕೈಯಲ್ಲೇ ಆರಿತು.

ಆಮೇಲೆ ಆರು ವರ್ಷ ಇಬ್ಬರ ನಡುವೆ ಮಾತಿಲ್ಲ. ಡೆಲ್ಮರ್ ಕೆಲಸ ಬಿಡಲೂ ಇಲ್ಲ. “ಯಾಕೆ ಬಿಡಲ್ಲ?” ಎಂದು ಕೇಳಿದ್ದಕ್ಕೆ, “ನಾನು ಬಿಟ್ರೆ ಆ ಫೋಟೋದವರು ಹಾವಿನ ಜೊತೆ ಒಬ್ಬರೇ ಆಗ್ತಾರೆ” ಎಂದಿದ್ದ. ಆ ವರ್ಷಗಳಲ್ಲಿ ಅವನು ಇನ್ನಷ್ಟು ನಿಧಾನವಾದ. ಬಂದವರಿಗೆ ಕಥೆ ಹೇಳುವಾಗ ಗೋಡೆಗೆ ಒರಗಿ ನಿಲ್ಲುವ ಅಭ್ಯಾಸ ಬಂತು. ಕೆಲವೊಮ್ಮೆ ಅರ್ಧಕ್ಕೇ ನಿಲ್ಲಿಸಿ, “ಉಳಿದಿದ್ದು ಅಲ್ಲಿ ಬರೆದಿದೆ, ಓದ್ಕೊಳ್ಳಿ” ಎಂದುಬಿಡುತ್ತಿದ್ದ.

ಒಂಬತ್ತನೇ ವರ್ಷದ ಜೂನ್ ತಿಂಗಳ ಕೊನೆಯ ವಾರ ನೂರಾ ಆರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಮಳೆಗಾಲ ಇನ್ನೂ ಹಿಡಿದಿರಲಿಲ್ಲ. ಮೋಡ ಬಂದು ಹನಿ ಬೀಳದೆ ಬರೀ ಸಿಡಿಲು ಬೀಳುವ ಕಾಲ. ಮಧ್ಯಾಹ್ನ ಊಟದ ಹೊತ್ತಿಗೆ ಊರಾಚೆಯ ಕಂಬಕ್ಕೆ ಸಿಡಿಲು ಹೊಡೆದು ಕರೆಂಟು ಹೋಯಿತು. ಸರಿಯಾಗುವುದು ಸಂಜೆಗೇ ಎಂದರು. ನನ್ನ ಮಣ್ಣಿಟ್ಟಿಗೆ ಗೋಡೆಯ ಹೋಟೆಲು ಹೇಗೋ ತಡೆದುಕೊಂಡಿತು. ಮ್ಯೂಸಿಯಂಗೆ ತಗಡಿನ ಮಾಡು. ವಿಲ್ಮಾಳ ಹತ್ತಿರ ಜನರೇಟರ್ ಇತ್ತು, ಆದರೆ ಅದರೊಳಗೆ ಇಲಿ ಸಂಸಾರ ಹೂಡಿ ತಂತಿಗಳನ್ನೆಲ್ಲ ಕಡಿದಿತ್ತು.

ಮರುಭೂಮಿಯ ಹಾವಾದರೂ ಬಿಸಿಲಿಗೆ ಬಿಲ ಬೇಕು. ಗಾಜಿನ ಪೆಟ್ಟಿಗೆಯಲ್ಲಿ ಬಿಲ ಎಲ್ಲಿ? ತಂಪು ಗಾಳಿಯ ಯಂತ್ರ ನಿಂತ ಅರ್ಧ ಗಂಟೆಗೇ ಕೋಣೆ ಕಾದ ಹೆಂಚಾಯಿತು. ಕಟ್ಟಡದ ಪಕ್ಕದಲ್ಲಿ ಒಂದು ಕಲ್ಲಿನ ನೆಲಮಾಳಿಗೆ ಇತ್ತು. ಹನ್ನೆರಡು ಮೆಟ್ಟಿಲು ಇಳಿದರೆ ತಂಪು. ವಿಲ್ಮಾ ಒಬ್ಬಳೇ ಹಾವುಗಳನ್ನು ಅಲ್ಲಿಗೆ ಇಳಿಸಲು ಶುರು ಮಾಡಿದಳು. ಪ್ರತಿ ಗಾಜಿನ ಪೆಟ್ಟಿಗೆಯೊಳಗೂ ಹಾವು ಅಡಗಿಕೊಳ್ಳಲು ಒಂದು ಸಣ್ಣ ಮರದ ಗೂಡು. ಹೊರಗಿನಿಂದಲೇ ಕೋಲಿನಿಂದ ಅದರ ಬಾಗಿಲು ಜಾರಿಸಿ ಮುಚ್ಚಬಹುದು. ಮುಚ್ಚಿದ ಗೂಡನ್ನು ಎತ್ತಿಕೊಂಡು ಹೋಗುವುದು. ಆರು ಇಳಿಸಿದಳು. ಏಳನೆಯದಕ್ಕೆ ಬಂದಾಗ ಬೆವರಿನ ಕಾಲು ಜಾರಿ ಬಿದ್ದಳು.

ಡೆಲ್ಮರನಿಗೆ ಕಂಬಳಿಯ ಆಚೆ ಧೊಪ್ಪೆಂದು ಕೇಳಿತು. “ವಿಲ್ಮಾ?” ಎಂದ.

“ಬಿದ್ದೆ ಕಣೋ. ಸೊಂಟ ಹೋಯ್ತು ಅನ್ಸುತ್ತೆ.”

ಅವನು ಕಂಬಳಿ ಹಿಡಿದು ನಿಂತನಂತೆ. ಎಷ್ಟು ಹೊತ್ತು ಎಂದು ಆಮೇಲೊಮ್ಮೆ ಕೇಳಿದೆ. “ಬೆಂಕಿ ಯಾವ ಕಡೆ ತಿರುಗುತ್ತೆ ಅಂತ ನೋಡೋಕೆ ಎಷ್ಟು ಹೊತ್ತು ಬೇಕೋ ಅಷ್ಟು” ಎಂದ. ಆಮೇಲೆ ಕಂಬಳಿ ಸರಿಸಿ ಒಳಗೆ ಹೋದ. ಅವಳ ತಲೆಯ ಕೆಳಗೆ ತನ್ನ ಅಂಗಿ ಮಡಚಿಟ್ಟು, ಬನಿಯನ್ನಿನಲ್ಲೇ ರಸ್ತೆ ದಾಟಿ ನನ್ನ ಹತ್ತಿರ ಓಡಿಬಂದ. ಅವನು ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಊರಿನಲ್ಲಿ ಮೊಬೈಲು ಹಿಡಿಯುವುದಿಲ್ಲ. ನನ್ನ ಹೋಟೆಲಿನ ಹಳೇ ಫೋನಿನಿಂದ ಆಂಬುಲೆನ್ಸ್ ಕರೆದೆ. ಬರಲು ಒಂದು ಗಂಟೆ ಹತ್ತು ನಿಮಿಷ ಎಂದರು. ಇಬ್ಬರೂ ವಾಪಸ್ ಹೋದೆವು. ವಿಲ್ಮಾ ನೆಲದ ಮೇಲೆ ಬೆಳ್ಳಗೆ ಬಿಳಿಚಿಕೊಂಡು ಮಲಗಿದ್ದಳು. ಆದರೂ ಬಾಯಿ ನಿಂತಿರಲಿಲ್ಲ.

“ನನ್ನ ಮುಖ ಏನು ನೋಡ್ತೀರಿ? ಅವನ್ನ ಇಳಿಸ್ರಿ. ಇನ್ನು ಅರ್ಧ ಗಂಟೇಲಿ ಬೆಂದು ಹೋಗ್ತವೆ.”

“ಯಾರು ಇಳಿಸೋದು?” ಎಂದೆ.

“ಗವರ್ನರ್ ಬರ್ತಾನೇನೋ ನೋಡು.”

ಡೆಲ್ಮರ್ ಗೋಡೆಯ ಕಡೆ ನೋಡದೆ ಅವಳನ್ನೇ ನೋಡುತ್ತಿದ್ದ. “ನನ್ನಿಂದಾಗಲ್ಲ ವಿಲ್ಮಾ. ಯಾಕೆ ಅಂತ ನಿನಗೆ ಗೊತ್ತು.”

ವಿಲ್ಮಾ ಒಂದು ಉಸಿರು ಎಳೆದುಕೊಂಡಳು. “ಗೊತ್ತು. ಒಂಬತ್ತು ವರ್ಷ ನಿನ್ನ ಕೇಳಿಲ್ಲ, ಇವತ್ತೂ ಕೇಳಲ್ಲ. ನೀನು ಹೊರಗೆ ಹೋಗಿ ಆಂಬುಲೆನ್ಸ್ ಬರುತ್ತಾ ನೋಡು. ಓಫೀಲಿಯಾ, ಆ ಕೋಲು ತಗೋ.”

ತೆಗೆದುಕೊಂಡೆ. ನಾನೇನು ಹುಲಿಯಲ್ಲ, ಚಿಕ್ಕಂದಿನಲ್ಲಿ ಹಾವು ಕಂಡರೆ ಮಂಚ ಹತ್ತುತ್ತಿದ್ದವಳು. ವಿಲ್ಮಾ ಹೇಳಿದ ಹಾಗೆ ಮೊದಲ ಗೂಡಿನ ಬಾಗಿಲು ಜಾರಿಸಿದೆ, ಗಾಜು ತೆರೆದೆ, ಎರಡೂ ಕೈಯಲ್ಲಿ ಗೂಡನ್ನು ಎತ್ತಿದೆ. ಒಳಗಿನಿಂದ ಹಾವು ಗಿಲಕಿ ಬಾರಿಸಿತು. ಆ ನಡುಕ ಮರದ ಹಲಗೆಯಿಂದ ನನ್ನ ಬೆರಳಿಗೆ, ಬೆರಳಿನಿಂದ ಹಲ್ಲಿಗೆ ಬಂತು. ಗೂಡು ಕೈಯಲ್ಲಿ ವಾಲಿತು.

ಡೆಲ್ಮರ್ ಬಾಗಿಲ ಹತ್ತಿರ ನಿಂತಿದ್ದವನು ನಾಲ್ಕು ಹೆಜ್ಜೆಯಲ್ಲಿ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡ. “ಕೊಡಿಲ್ಲಿ. ಕೆಡವಿಬಿಡ್ತೀಯ.”

“ಡೆಲ್ಮರ್, ಬೇಡ.”

“ಸುಮ್ನಿರು. ನೀನು ಬಾಗಿಲು ಮುಚ್ಚಿ ಕೊಡ್ತಾ ಹೋಗು, ನಾನು ಇಳಿಸ್ತೀನಿ.”

ಗೂಡನ್ನು ಎದೆಯಿಂದ ದೂರ ಹಿಡಿದು ತನ್ನ ಭಾಷೆಯಲ್ಲಿ ಏನೋ ಹೇಳಿದ. ಆ ಭಾಷೆ ಅವನಿಗೆ ಪೂರ್ತಿ ಬರುತ್ತಿರಲಿಲ್ಲ. ನಡುವೆ ತಡವರಿಸಿ, ಉಳಿದದ್ದನ್ನು ನಮಗೆಲ್ಲ ತಿಳಿಯುವ ಮಾತಿನಲ್ಲೇ ಹೇಳಿದ. “ತಾತ, ನಾನು ಬಡವ. ನನ್ನ ಮೇಲೆ ಸಿಟ್ಟಾಗಬೇಡ. ತಂಪಿರೋ ಕಡೆ ಕರ್ಕೊಂಡು ಹೋಗ್ತಾ ಇದ್ದೀನಿ.”

ಪ್ರತಿ ಗೂಡಿಗೂ ಹೇಳಿದ. ಹನ್ನೆರಡು ಮೆಟ್ಟಿಲು ಇಳಿದು, ಹನ್ನೆರಡು ಮೆಟ್ಟಿಲು ಹತ್ತಿ, ಮತ್ತೆ ಮುಂದಿನದಕ್ಕೆ. ಮೂವತ್ತು ದಾಟಿದ ಮೇಲೆ ಎದೆಯ ಸಿಳ್ಳೆ ಗಿಲಕಿಯ ಸದ್ದನ್ನೂ ಮೀರಿಸಿತು. ಆಗ ಮಾತು ಸಣ್ಣದಾಯಿತು: “ತಾತ, ಬಡವ. ಬಾ.” ನಲವತ್ತು ದಾಟಿದ ಮೇಲೆ ಬರೀ “ತಾತ.”

ಒಂದು ಹಾವು ಗೂಡಿನೊಳಗೆ ಹೋಗಲೇ ಇಲ್ಲ. ವಿಲ್ಮಾಳ ಗಂಡ ಇಪ್ಪತ್ತು ವರ್ಷದ ಹಿಂದೆ ಮರಿಯಾಗಿ ತಂದದ್ದು, ಈಗ ನನ್ನ ತೋಳಿನಷ್ಟು ದಪ್ಪ. ಎಲ್ಲರೂ ಅದನ್ನು ಜಡ್ಜ್ ಸಾಹೇಬರು ಎನ್ನುತ್ತಿದ್ದೆವು. ಕೊಕ್ಕೆ ಕೋಲಿನಲ್ಲಿ ಎತ್ತಿ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕುವುದೊಂದೇ ದಾರಿ. ವಿಲ್ಮಾ ನೆಲದಲ್ಲಿ ಮಲಗಿಕೊಂಡೇ ಹೇಳಿಕೊಟ್ಟಳು. “ಕುತ್ತಿಗೆ ಹತ್ರ ಬೇಡ, ನಡು ಭಾಗಕ್ಕೆ ಕೊಕ್ಕೆ ಹಾಕು. ಅವಸರ ಬೇಡ. ಅದಕ್ಕೂ ಸುಸ್ತಾಗಿದೆ, ನಿನ್ನ ಹಾಗೇ.” ಡೆಲ್ಮರ್ ಎತ್ತಿದ. ಸಾಹೇಬರು ಎರಡೂ ಕಡೆ ಹಗ್ಗದ ಹಾಗೆ ಜೋತುಬಿದ್ದರು, ಬುಸ್ಸೆನ್ನಲಿಲ್ಲ. ಡ್ರಮ್ಮಿನ ಅಂಚಿನಲ್ಲಿ ಕೊಕ್ಕೆಯಿಂದ ಜಾರಿ ಬಾಲದ ತುದಿ ಅವನ ಮುಂಗೈಯನ್ನು ಸವರಿಕೊಂಡು ಹೋಯಿತು. ಅವನು ಕಣ್ಣು ಮುಚ್ಚಿದ. ಮುಚ್ಚಳ ಹಾಕಿದ್ದು ನಾನು.

ಆಂಬುಲೆನ್ಸಿನವರು ಬಂದಾಗ ವಿಲ್ಮಾ ಎಲ್ಲ ಮುಗಿಯುವವರೆಗೆ ಸ್ಟ್ರೆಚರ್ ಹತ್ತಲು ಒಪ್ಪಲಿಲ್ಲ. ಐವತ್ತೆಂಟು ಬದುಕಿದವು. ಪಡುವಣ ಗೋಡೆಯ ಒಂಬತ್ತು ಸತ್ತಿದ್ದವು. ಅವನ್ನು ಮುಟ್ಟಲು ನಾನು ಡೆಲ್ಮರನನ್ನು ಬಿಡಲಿಲ್ಲ. ಸಲಿಕೆಯಲ್ಲಿ ಎತ್ತಿ ನಾನೇ ಹೂತೆ. ಅವನು ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ತನ್ನ ಕೈಗಳನ್ನು ಮೊಣಕಾಲಿನ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡಿದ್ದ, ಬೇರೆಯವರ ಕೈ ಎನ್ನುವ ಹಾಗೆ.

ಮೂರನೇ ದಿನ ಟೂಸಾನ್ ಪಟ್ಟಣದಿಂದ ವಿಲ್ಮಾಳ ಗಂಡನ ಹಳೇ ಶಿಷ್ಯನೊಬ್ಬ ಬಂದು ಹಾವುಗಳ ಉಸ್ತುವಾರಿ ವಹಿಸಿಕೊಂಡ. ಡೆಲ್ಮರ್ ಆಮೇಲೆ ಕೆಲಸಕ್ಕೆ ಬರಲಿಲ್ಲ. ವಾರ ಕಳೆಯುವಷ್ಟರಲ್ಲಿ ಅವನ ಕೈ ಕೆಂಪಾಗಿ ಉರಿಯಲು ಶುರುವಾಯಿತು. ಆಮೇಲೆ ಚರ್ಮ ಹಾಳೆ ಹಾಳೆಯಾಗಿ ಸುಲಿಯಿತು. ತುಟಿಯ ಸುತ್ತ ಹುಣ್ಣು. ಪಕ್ಕದ ಪೇಟೆಯ ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ. ಪೆಟ್ಟಿಗೆ ತೊಳೆಯುವ ಔಷಧಿ ತಾಗಿರಬೇಕು, ಬಿಸಿಲು ಬೇರೆ ಎಂದು ನರ್ಸಮ್ಮ ಒಂದು ಕ್ರೀಮು ಕೊಟ್ಟಳು. ಡೆಲ್ಮರ್ ತಲೆಯಾಡಿಸಿ ತೆಗೆದುಕೊಂಡ. ಕಡಿಮೆಯಾಗಲಿಲ್ಲ.

ಅವನು ಟ್ರೇಲರಿನ ಮುಂದೆ ಕುರ್ಚಿ ಹಾಕಿಕೊಂಡು ದಿನವಿಡೀ ಬೆಟ್ಟ ನೋಡುತ್ತಿದ್ದ. ನಾನು ಮಾಂಸದ ಸಾರು ಒಯ್ದರೆ, “ಮೆಟ್ಟಿಲ ಮೇಲೆ ಇಡು. ನನ್ನ ತಟ್ಟೆ ನಿನ್ನ ತಟ್ಟೆ ಜೊತೆ ತೊಳೀಬೇಡ” ಎನ್ನುತ್ತಿದ್ದ. ಸಾರು ಹಾಗೇ ಉಳಿದಿರುತ್ತಿತ್ತು.

“ನಿನ್ನ ಚಿಕ್ಕಮ್ಮನಿಗೆ ಫೋನ್ ಮಾಡ್ಲಾ?”

“ಬೇಡ. ಏನಂತ ಹೇಳ್ತೀಯ? ನೀನು ಹೇಳಿದ್ದು ಸರಿ ಅಂತಾನಾ?”

“ಸರಿ ಅಂತ ಹೇಳಿದ್ರೆ ಏನಾಗುತ್ತೆ?”

“ಏನೂ ಆಗಲ್ಲ. ಸುಸ್ತಾಗಿದೆ ಓಫೀಲಿಯಾ. ಬೈಸಿಕೊಳ್ಳೋಕೂ ಶಕ್ತಿ ಬೇಕು.”

ನಾನು ಫೋನ್ ಮಾಡಿದೆ. ಅವನಿಗೆ ಹೇಳದೆ, ಅವನ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿದ್ದ ನಂಬರು ನೋಡಿಕೊಂಡು. ಚಿಕ್ಕಮ್ಮ ಪೂರ್ತಿ ಕೇಳಿಸಿಕೊಂಡಳು. ನಾನು ಅತ್ತೆನೆಂದು ಕಾಣುತ್ತದೆ, ಯಾಕೆಂದರೆ ಅವಳು ಮೊದಲು ಹೇಳಿದ್ದು, “ಮೂಗು ಒರೆಸ್ಕೊಂಡು ಮಾತಾಡು, ಒಂದಕ್ಷರ ತಿಳೀತಿಲ್ಲ” ಎಂದು. ಆಮೇಲೆ ಕೇಳಿದಳು.

“ಎಷ್ಟನ್ನ ಮುಟ್ಟಿದ?”

“ಗೂಡಲ್ಲಿದ್ವು. ಒಂದು ಮಾತ್ರ ಕೈಗೆ ತಾಗ್ತು.”

ಆ ಕಡೆ ಟಿವಿಯ ಸದ್ದು ಆರಿಸಿದಳು. “ಕರ್ಕೊಂಡು ಬಾ. ಇಲ್ಲಿ ಇದನ್ನ ವಾಸಿ ಮಾಡಬಲ್ಲ ಮುದುಕ ಒಬ್ಬ ಇನ್ನೂ ಬದುಕಿದ್ದಾನೆ. ಅವನಿಗೂ ತೊಂಬತ್ತಾಯ್ತು, ತಡ ಮಾಡಬೇಡ.”

ಮಾರನೇ ದಿನ ಹೋಟೆಲಿಗೆ ಬೀಗ ಹಾಕಿ ಹೊರಟೆ. ಚಿಕ್ಕಮ್ಮ ಕರೆದಳು ಎಂದದ್ದಕ್ಕೆ ಡೆಲ್ಮರ್ ಎರಡನೇ ಮಾತಾಡದೆ ಗಾಡಿ ಹತ್ತಿದ. ಐದು ಗಂಟೆಯಲ್ಲಿ ನಾಲ್ಕು ಗಂಟೆ ನಿದ್ದೆ ಹೋದ. ಮೆಸ್ಕಲೇರೋ ತಲುಪಿದಾಗ ಚಿಕ್ಕಮ್ಮ ಅಂಗಳದಲ್ಲಿ ಕಾಯುತ್ತಿದ್ದಳು. ಆರು ವರ್ಷದ ಮೇಲೆ ನೋಡಿದವಳು ಅವನನ್ನು ಮುಟ್ಟಲಿಲ್ಲ, ಮುಟ್ಟುವ ಹಾಗೂ ಇರಲಿಲ್ಲ. “ಕೂದಲು ಉದುರಿದೆ ನಿನಗೆ” ಎಂದಳು. “ಹೌದು ಚಿಕ್ಕಮ್ಮ” ಎಂದ. ಅವಳ ಅಣ್ಣನ ಮಗ ಬಂದು ಅವನನ್ನು ಆ ಮುದುಕ ಇದ್ದ ಕಡೆ ಕರೆದುಕೊಂಡು ಹೋದ.

ನಾಲ್ಕು ದಿನ. ಅಲ್ಲಿ ಏನು ಮಾಡಿದರೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಕೇಳಿದ್ದರೆ ಯಾರೂ ಹೇಳುತ್ತಿರಲಿಲ್ಲ. ನಾನು ಚಿಕ್ಕಮ್ಮನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದೆ, ಎಣ್ಣೆಯಲ್ಲಿ ಕರಿದ ರೊಟ್ಟಿ ತಿಂದೆ, ಅವಳ ಜೊತೆ ಕೂತು ಟಿವಿಯಲ್ಲಿ ಕುಸ್ತಿ ನೋಡಿದೆ. ಕುಸ್ತಿಯೆಂದರೆ ಅವಳಿಗೆ ಪ್ರಾಣ.

ಮೂರನೇ ದಿನ ಆಲೂಗಡ್ಡೆ ಸುಲಿಯುವಾಗ ಕೇಳಿದಳು. “ಆ ಬಿಳೀ ಹೆಂಗಸಿಗೋಸ್ಕರ ಮಾಡಿದ್ನಾ, ಹಾವಿಗೋಸ್ಕರ ಮಾಡಿದ್ನಾ?”

“ನನಗೋಸ್ಕರ. ನಾನು ಎತ್ತಿದ್ದೆ. ಗೂಡು ವಾಲಿತು. ಬೀಳಿಸ್ತಿದ್ದೆ.”

ಅವಳು ಚಾಕು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮೆಣಸಿನಕಾಯಿ ಸಾರಿನ ಬಟ್ಟಲನ್ನು ನನ್ನ ಕಡೆ ತಳ್ಳಿದಳು. “ತಿನ್ನು. ಬಡಕಲಾಗಿದ್ದೀಯ.”

“ನಾನು ಹುಟ್ಟಿದಾಗಿನಿಂದ ಒಂದಿನಾನೂ ಬಡಕಲಾಗಿಲ್ಲ ಅಮ್ಮಾ.”

“ತಿನ್ನು ಅಂದ್ರೆ ತಿನ್ನು.”

ಕೈಯ ಗಾಯ ಆಗಸ್ಟಿನ ಹೊತ್ತಿಗೆ ಮಾಯಿತು. ಮುದುಕನಿಂದ ವಾಸಿಯಾಯಿತೋ, ನರ್ಸಿನ ಕ್ರೀಮಿನಿಂದಲೋ ಎಂದು ಊರಿನಲ್ಲಿ ಕೇಳುವವರಿದ್ದರು. “ಎರಡನ್ನೂ ಬಿಟ್ಟಿರಲಿಲ್ಲ” ಎನ್ನುತ್ತಿದ್ದ ಡೆಲ್ಮರ್, ಅಷ್ಟೇ.

ವಿಲ್ಮಾ ಸೆಪ್ಟೆಂಬರಿನಲ್ಲಿ ನಾಲ್ಕು ಕಾಲಿನ ಊರುಗೋಲು ಹಿಡಿದು ವಾಪಸಾದಳು. ಮೊದಲು ಬಂದದ್ದು ನನ್ನ ಹೋಟೆಲಿಗೆ. ಡೆಲ್ಮರ್ ಅಲ್ಲೇ ಇದ್ದ.

“ನಾನಿನ್ನು ಆ ಕಟ್ಟಡಕ್ಕೆ ಬರಲ್ಲ ವಿಲ್ಮಾ” ಎಂದ. “ಹಿಂಬಾಗಿಲಿಂದಾನೂ ಬರಲ್ಲ.”

“ಗೊತ್ತು. ಮಲಗಿದ ಕಡೆ ಎರಡು ತಿಂಗಳು ಅದನ್ನೇ ಯೋಚಿಸಿದ್ದು.” ಊರುಗೋಲನ್ನು ಮೇಜಿಗೆ ಒರಗಿಸಿ ಕೂರಲು ಅವಳಿಗೆ ಬಹಳ ಹೊತ್ತು ಹಿಡಿಯಿತು. “ಆ ಕೋಣೆ ಸಾಮಾನೆಲ್ಲ ನೀನೇ ತಗೊಂಡು ಹೋಗು. ನಿಮ್ಮವರದು. ನನ್ನ ಗೋಡೆ ಮೇಲೆ ಇಷ್ಟು ದಿನ ಇದ್ವು, ಅಷ್ಟೇ. ನಮ್ಮೆಜಮಾನ ಇದ್ದಿದ್ರೆ ಕೊಡ್ತಿರಲಿಲ್ಲ. ಅವನಿಲ್ಲ.”

ನನ್ನ ಹೋಟೆಲಿಗೆ ಅಂಟಿಕೊಂಡಂತೆ ಒಂದು ಹಳೇ ಮೇವಿನ ಅಂಗಡಿ ಖಾಲಿ ಬಿದ್ದಿತ್ತು. ಒಂದು ವಾರ ಗುಡಿಸಿ ಸುಣ್ಣ ಬಳಿದೆವು. ಫೋಟೋಗಳನ್ನು ಒಂದೊಂದಾಗಿ ರಸ್ತೆ ದಾಟಿಸಿದೆವು. ವಿಲ್ಮಾ ತನ್ನ ಬಾಗಿಲಿನಲ್ಲಿ ಹಲಗೆ ಹಾಕಿದಳು: ‘ಅಪಾಚಿ ಕೋಣೆ ರಸ್ತೆಯಾಚೆ.’ ಅಲ್ಲಿಗೆ ನೂರು ಜನ ಬಂದರೆ ಇಲ್ಲಿಗೆ ಐದು ಜನ ದಾಟುತ್ತಿದ್ದರು. ಅದರಲ್ಲಿ ಇಬ್ಬರು ಪಾಯಿಖಾನೆ ಕೇಳಿಕೊಂಡು. ಜನ ಬರುವುದು ಹಾವಿಗೆ. ಅದು ಡೆಲ್ಮರನಿಗೆ ಮೊದಲೇ ಗೊತ್ತಿತ್ತು. ವಾರಕ್ಕೆ ಮೂರು ದಿನ ಬಾಗಿಲು ತೆರೆದು ಕೂರುತ್ತಿದ್ದ.

ಅಕ್ಟೋಬರಿನಲ್ಲಿ ಒಂದು ಶನಿವಾರ ಎರಡು ವ್ಯಾನು ಬಂದು ನಿಂತವು. ಮೆಸ್ಕಲೇರೋದಿಂದ ಇಪ್ಪತ್ತೆರಡು ಜನ, ಮುದುಕರು ಹೆಚ್ಚು. ಮುಂದೆ ಕೋಲೂರಿಕೊಂಡು ಚಿಕ್ಕಮ್ಮ. ರಸ್ತೆಯಾಚೆಯ ಕಟ್ಟಡದ ಕಡೆ ಬೆನ್ನು ಮಾಡಿ ಇಳಿದು, ನೇರ ಒಳಗೆ ಬಂದಳು. ಗುಡಾರಗಳ ಮುಂದಿನ ಹೆಂಗಸರ ಫೋಟೋದ ಎದುರು ನಿಂತು ಕೆಳಗಿನ ಚೀಟಿಯನ್ನು ಓದಿಸಿಕೊಂಡಳು. ‘ಅಪರಿಚಿತ ಹೆಂಗಸರು’ ಎಂದಿತ್ತು.

“ಯಾರಿಗೆ ಅಪರಿಚಿತ?” ಎಂದಳು.

ಡೆಲ್ಮರ್ ಪೆನ್ಸಿಲ್ ಹುಡುಕಿದ. ಸತ್ತವರ ಹೆಸರನ್ನು ಅವರು ಬಾಯಲ್ಲಿ ಹೇಳುವುದಿಲ್ಲ. ಹಾಗಾಗಿ ಬರೀ ಸಂಬಂಧ ಹೇಳುತ್ತಾ ಹೋದರು. ಇವಳು ನನ್ನ ತಾಯಿಯ ಸೋದರತ್ತೆ. ಇವಳು ಅವನ ಅಜ್ಜಿ, ಅಲ್ಲಿ ಟೋಪಿ ಹಾಕ್ಕೊಂಡು ನಿಂತಿದ್ದಾನಲ್ಲ, ಅವನ ಅಜ್ಜಿ. ಕೂತಿರೋ ರೀತಿ ನೋಡು, ಅವನೂ ಹಾಗೇ ಕೂರೋದು. ಎಲ್ಲರೂ ಅವನ ಕಡೆ ತಿರುಗಿ ನಕ್ಕರು. ಒಂದೊಂದು ಫೋಟೋಕ್ಕೂ ಜಗಳ: ಅವಳಲ್ಲ, ಅವಳ ತಂಗಿ, ಅಲ್ಲ, ತಂಗಿ ರೈಲಿನ ಹಾದಿಯಲ್ಲೇ ಹೋಗಿಬಿಟ್ಟಳು. ಡೆಲ್ಮರ್ ಬರೆದು, ಒರೆಸಿ, ಮತ್ತೆ ಬರೆದ. ನಾನು ಎರಡು ಸಲ ಕಾಳು ಬೇಯಿಸಿದೆ, ನಾಲ್ಕು ಸಲ ಕಾಫಿ. ಚಿಕ್ಕಮ್ಮ ನನ್ನ ಕಾಳಿಗೆ ಉಪ್ಪು ಸಾಲದು ಎಂದು ಎಲ್ಲರ ಮುಂದೆ ಹೇಳಿ ಎರಡು ತಟ್ಟೆ ತಿಂದಳು.

ಅವರು ಹೊರಟಾಗ ಬಿಸಿಲು ಇಳಿದಿತ್ತು. ಚಿಕ್ಕಮ್ಮ ವ್ಯಾನು ಹತ್ತುವ ಮೊದಲು ಡೆಲ್ಮರನ ಕೈ ಹಿಡಿದು, ತಿರುಗಿಸಿ, ಅಂಗೈ ಮುಂಗೈ ಎರಡನ್ನೂ ನೋಡಿದಳು.

ಅವನು ನನ್ನ ಹೋಟೆಲಿನ ಒಳಗೆ ಬಂದು ಮೂಲೆಯ ಮೇಜಿನಲ್ಲಿ ಕೂತ. ಪೆನ್ಸಿಲು ಇನ್ನೂ ಕಿವಿಯ ಹಿಂದೆ ಇತ್ತು.

“ಊಟ ಹಾಕ್ಲಾ?”

“ಹಾಕು. ಅವಸರ ಇಲ್ಲ.”

ನಾನು ತಟ್ಟೆ ತರುವಷ್ಟರಲ್ಲಿ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಎದೆ ಸಿಳ್ಳೆ ಹಾಕುತ್ತಿತ್ತು. ಊಟಕ್ಕೆ ಬಂದ ಇಬ್ಬರು ಲಾರಿಯವರಿಗೆ ದನಿ ತಗ್ಗಿಸಿ ಮಾತಾಡಿ ಎಂದು ಸನ್ನೆ ಮಾಡಿದೆ. ಅವರು ತಲೆಯಾಡಿಸಿ, ಟೋಪಿ ತೆಗೆದು, ಬಾಗಿಲ ಹತ್ತಿರದ ಮೇಜಿಗೆ ಹೋಗಿ ಕೂತರು.